ಸೀಮಂತದಲ್ಲಿ ನನ್ನ ಸರದಿ

ನಾನು ನರ್ಸ್. ಆಸ್ಪತ್ರೆಯವರು "ಇನ್ನು ಮನೆಗೆ ಕರ್ಕೊಂಡು ಹೋಗಿ" ಎಂದು ಕಳಿಸಿದವರ ಮನೆಗೆ ಹೋಗುವುದು ನನ್ನ ಕೆಲಸ. ಜಯನಗರ, ಜೆ.ಪಿ. ನಗರ, ಬನಶಂಕರಿ, ಎಲ್ಲಿಂದ ಕರೆದರೂ ಸ್ಕೂಟರ್ ಹತ್ತುತ್ತೇನೆ. ವಾಸಿ ಮಾಡುವುದಕ್ಕಲ್ಲ, ನೋವು ಇಳಿಸುವುದಕ್ಕೆ. ಯಡಿಯೂರಿನಲ್ಲಿ ವಾರಗಟ್ಟಲೆ ನರಳಿದ ನಿವೃತ್ತ ಮೇಷ್ಟ್ರೊಬ್ಬರು, ಔಷಧಿ ಹೊಂದಿದ ಮೇಲೆ ಎದ್ದು ಕೂತು, ಮೊಸರನ್ನಕ್ಕೆ ಉಪ್ಪು ಸಾಲದು ಎಂದು ಹೆಂಡತಿಯನ್ನು ಬೈದರು. ಆಕೆ ಬೈಸಿಕೊಳ್ಳುತ್ತಾ ಖುಷಿಯಿಂದ ಅತ್ತರು. ಆ ದಿನ ನನಗಾದ ಸುಖ ಸುಳ್ಳು ಎಂದು ಈಗಲೂ ಹೇಳಲಾರೆ.

ಆದರೆ ಇದಕ್ಕೆ ಪುಣ್ಯದ ಕೆಲಸ ಎಂದು ಹೆಸರಿಟ್ಟರಲ್ಲ, ಅಲ್ಲಿಂದ ಶುರು ನನ್ನ ಗ್ರಹಚಾರ. ಸೊಂಟ ಹಿಡಿದಿದೆ ಎಂದರೂ "ದೇವರು ನಿಮ್ಗೆ ಒಳ್ಳೇದು ಮಾಡ್ತಾನೆ ಬಿಡಿ ಮೇಡಂ" ಎನ್ನುತ್ತಾರೆ. "ನೀವು ನಮ್ಮನೆ ಮಗಳು" ಎಂದು ಕೈ ಹಿಡಿದು ಅತ್ತವರೇ, ವೈಕುಂಠ ಸಮಾರಾಧನೆ ಮುಗಿದ ಮೇಲೆ, ಜಯನಗರ ಫೋರ್ತ್ ಬ್ಲಾಕ್ ಮಾರ್ಕೆಟ್‌ನಲ್ಲಿ ನನ್ನನ್ನು ಕಂಡರೆ ಹೂವಿನ ಅಂಗಡಿ ಕಡೆ ತಿರುಗಿಬಿಡುತ್ತಾರೆ. ನನ್ನ ಮುಖ ಕಂಡರೆ ಅವರಿಗೆ ಆ ಮಂಚ ನೆನಪಾಗುತ್ತದೇನೋ ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡೆ.

ಈಚೆಗೆ ಬನಶಂಕರಿಯ ಒಂದು ಛತ್ರದಲ್ಲಿ ಅಕ್ಕನ ಮಗಳ ಸೀಮಂತವಾಯಿತು. ನಾನು ಎತ್ತಿ ಆಡಿಸಿದ ಹುಡುಗಿ. ಹಸಿರು ಗಾಜಿನ ಬಳೆಗಳನ್ನು ನಾನೇ ಆರಿಸಿ ತಂದಿದ್ದೆ. ಮುತ್ತೈದೆಯರು ಒಬ್ಬೊಬ್ಬರಾಗಿ ಅವಳಿಗೆ ಬಳೆ ತೊಡಿಸುತ್ತಿದ್ದರು. ನನ್ನ ಸರದಿ ಬಂದಾಗ, ಫೋಟೋ ತೆಗೆಯಲು ನನ್ನ ಗಂಡನನ್ನು ನಿಲ್ಲಿಸಿ ಮುಂದೆ ಹೋದೆ. ಅಕ್ಕ ಬಂದು ಮೊಣಕೈ ಹಿಡಿದಳು.

"ಸ್ವಲ್ಪ ಈ ಕಡೆ ಬಾರೇ. ಬೀಗಿತ್ತಿ ಏನೋ ಅಂದ್ರು. ಸಾಯೋರ ಮೈ ಒರೆಸೋ ಕೈ ಅಲ್ವಾ..."

"ಸ್ನಾನ ಮಾಡ್ಕೊಂಡೇ ಬಂದಿದೀನಿ ಕಣೇ."

"ನೀನ್ ಮಾಡೋದು ದೊಡ್ಡ ಕೆಲಸ, ನಾನ್ ಇಲ್ಲ ಅಂದ್ನಾ? ಇವತ್ತೊಂದಿನ ಬೇಡ. ಮಗು ವಿಷಯ."

ನಮ್ಮಮ್ಮ ಹಾಸಿಗೆ ಹಿಡಿದಾಗ ಇದೇ ಕೈ ಬೇಕಾಗಿತ್ತು ಇವಳಿಗೆ. ಮೈಯೆಲ್ಲ ಉರಿದುಹೋಯಿತು. ಹುಡುಗಿ ನನ್ನನ್ನು ನೋಡಿ, ತೊಟ್ಟ ಬಳೆಗಳನ್ನು ಸರಿಮಾಡಿಕೊಂಡಳು. ಬಳೆಗಳನ್ನು ಅಕ್ಕನಿಗೆ ಕೊಟ್ಟೆ. ಅವಳೇ ತೊಡಿಸಿದಳು.

ಊಟಕ್ಕೆ ಕೂತಾಗ ಬೀಗಿತ್ತಿ, ಅಂದರೆ ಹುಡುಗಿಯ ಅತ್ತೆ, ಪಕ್ಕದ ಕುರ್ಚಿಗೆ ಬಂದರು. ನನ್ನ ಹೋಳಿಗೆಗೆ ತುಪ್ಪ ಹಾಕಿಸಿ, ದನಿ ತಗ್ಗಿಸಿದರು.

"ನಮ್ಮತ್ತೆ ಏಳೋ ಹಾಗೇ ಇಲ್ಲ. ಡಾಕ್ಟ್ರು ಕೈಬಿಟ್ರು. ನಿಮ್ಮ ಕೈಗುಣ ತುಂಬ ಒಳ್ಳೇದಂತೆ. ಮನೆಗೆ ಬರ್ತೀರಾ?"

ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ. "ಬೆನ್ನು ಹುಣ್ಣಾಗಿದ್ಯಾ?"

"ಆಗಿದೆ. ಮಗ್ಗುಲು ಬದಲಾಯಿಸಿದ್ರೆ ಕೂಗ್ತಾರೆ."

"ಸೋಮವಾರ ಬರ್ತೀನಿ."

"ಅಷ್ಟು ಮಾಡಿ, ಪುಣ್ಯ ಬರುತ್ತೆ. ಸೊಸೇನ ಭಾನುವಾರಾನೇ ತವರಿಗೆ ಕಳಿಸ್ಬಿಡ್ತೀನಿ. ನೀವು ಬಂದಾಗ ಅವಳು ಎದುರಿಗಿರೋದು ಬೇಡ."

ಸೋಮವಾರ ಹೋದೆ, ನನ್ನನ್ನೇ ಬೈದುಕೊಳ್ಳುತ್ತಾ.