ಹಂಡೆಯ ಹಬೆ, ನನ್ನ ಮೂಗು

ಮೊದಲು ಉರಿದದ್ದು ಎಡಗೆನ್ನೆ.

ಎರಡು ವರ್ಷದ ಹಿಂದೆ, ಪಕ್ಕದ ಊರಿನ ಒಂದು ಮನೆಯ ಬಚ್ಚಲಿನಲ್ಲಿ ಬಾಣಂತಿಗೆ ನೀರು ಹಾಕುತ್ತಿದ್ದೆ. ಕುದಿಯುವ ಹಂಡೆ, ಅದರೊಳಗೆ ಲಕ್ಕಿ ಸೊಪ್ಪು, ಮುಚ್ಚಿದ ಬಾಗಿಲು, ಎದುರಿಗಿರುವವರ ಮುಖ ಕಾಣದಷ್ಟು ಹಬೆ. ನಮ್ಮ ಕಡೆ ಬಾಣಂತಿಯ ನೀರೆಂದರೆ ಹೀಗೆಯೇ. ಚೆಂಬಿನಿಂದ ಬೀಸಿ ಹಾಕಿದ ನೀರು ಬೆನ್ನಿಗೆ ಬಡಿಯುವ ಸದ್ದು ಅಡುಗೆಮನೆಯವರೆಗೆ ಕೇಳಬೇಕು. ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡೆ. ಹಬೆ ಒರೆಸಿಹೋಯಿತು, ಉರಿ ಹೋಗಲಿಲ್ಲ. ಸಂಜೆಯಾದರೂ ಯಾರೋ ಕೆನ್ನೆಗೆ ಹೊಡೆದು ಈಗಷ್ಟೇ ಕೈ ತೆಗೆದ ಹಾಗಿತ್ತು.

ನಾನು ಸೂಲಗಿತ್ತಿ. ಸೋಮವಾರಪೇಟೆಯ ಸುತ್ತಿನ ಹಳ್ಳಿಗಳಲ್ಲಿ ಚೆನ್ನಕ್ಕ ಎಂದರೆ ಗೊತ್ತು. ಹೆರಿಗೆ ಮಾಡಿಸುವುದನ್ನು ಅತ್ತೆಯಿಂದ ಕಲಿತೆ. ಅಕ್ಷರವನ್ನು ಅಜ್ಜ ಮರಳಿನ ಮೇಲೆ ಬೆರಳು ಹಿಡಿದು ತೀಡಿಸಿದ. ಮಾತನ್ನು ಮಾತ್ರ ಯಾರೂ ಕಲಿಸಲಿಲ್ಲ. ಮನೆ ತುಂಬ ಮುದುಕಿಯರಿದ್ದರು, ಅದು ತಾನಾಗಿ ಬಂತು.

ತಿಂಗಳೊಳಗೆ ಬಲಗೆನ್ನೆಯೂ ಕೆಂಪಾಯಿತು. ಆಮೇಲೆ ಮೂಗು. ಕೆಂಪಿನ ಮೇಲೆ ಸಣ್ಣ ಸಣ್ಣ ಗುಳ್ಳೆ, ಗುಳ್ಳೆಯ ತುದಿಯಲ್ಲಿ ಹಳದಿ ಕೀವು. ಬೆಳಿಗ್ಗೆ ಎದ್ದರೆ ಕಣ್ಣಿನೊಳಗೆ ಮರಳು ಹಾಕಿ ಉಜ್ಜಿದ ಹಾಗೆ. ಮೂಗಿನ ಚರ್ಮ ದಪ್ಪವಾಗುತ್ತ ಬಂದು, ರಂಧ್ರಗಳು ಎದ್ದು ಕಾಣುತ್ತಿದ್ದವು. ಒತ್ತಿದರೆ ತುಪ್ಪದ ಗಷ್ಟಿನಂಥದ್ದು ಬರುತ್ತಿತ್ತು.

ಹೇಸಿಗೆ ನನಗೆ ಹೊಸದಲ್ಲ. ಮಾಸು, ರಕ್ತ, ಹುಟ್ಟಿದ ಮಗುವಿನ ಮೊದಲ ಕರಿಮಲ, ಎಲ್ಲವನ್ನೂ ಈ ಕೈಯಲ್ಲಿ ಎತ್ತಿದ್ದೇನೆ. ಒಂದು ದಿನವೂ ಮೂಗು ಮುರಿದವಳಲ್ಲ.

ನನ್ನದೇ ಮುಖ ಮುಟ್ಟಲು ಹೇಸಿದೆ.

ಆಗ ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಬಾಣಂತಿಗೆ ಶೀತವಾಗದಿರಲೆಂದು ಒಂದೊಂದು ಗುಟುಕು ಬ್ರಾಂದಿ ಕೊಡುವುದು ನಮ್ಮಲ್ಲಿ ನಡೆದು ಬಂದದ್ದು. ಬಾಟಲಿ ನನ್ನ ಕೈಯಲ್ಲೇ ಇರುತ್ತಿತ್ತು. ಕೀವನ್ನು ಅದು ಕೊಲ್ಲುತ್ತದೆಂದು ನನ್ನದೇ ಲೆಕ್ಕ ಹಾಕಿಕೊಂಡು, ಹತ್ತಿಯಲ್ಲಿ ಅದ್ದಿ ದಿನವೂ ಮುಖಕ್ಕೆ ಹಚ್ಚಿದೆ. ಜೀವ ಹೋಗುವಷ್ಟು ಉರಿ. ಉರಿದಷ್ಟೂ ಒಳ್ಳೆಯದೆಂದು ಹಲ್ಲು ಕಚ್ಚಿದೆ. ಹೀಗೆ ಮುಖ ಕೆಂಡದಂತೆ, ಮೈ ಬ್ರಾಂದಿ ಅಂಗಡಿಯಂತೆ ಮಾಡಿಕೊಂಡು ಊರೂರು ತಿರುಗಿದವಳನ್ನು ಜನ ಏನೆಂದುಕೊಳ್ಳಬೇಕು? ಬಾಣಂತಿಯರ ಪಾಲಿನದನ್ನು ಚೆನ್ನಕ್ಕ ಕುಡಿಯುತ್ತಾಳೆ ಎಂದರು. ಜೀವಮಾನದಲ್ಲಿ ಒಂದು ಹನಿ ನಾಲಿಗೆಗೆ ಸೋಕಿಸಿದವಳಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು ಎಲ್ಲರೆದುರು, "ಚೆನ್ನಕ್ಕನ ಮೂಗಲ್ಲಿ ಕಾಫಿ ಹಣ್ಣಾಗ್ಯದೆ, ಕುಯ್ಯಕ್ಕೆ ಆಳು ಕಳಿಸ್ಲಾ" ಎಂದಳು. ನಕ್ಕೆ. ನಗದೆ ಏನು ಮಾಡಲಿ?

ನಮ್ಮ ಪಕ್ಕದ ಮನೆಯ ಬೋರಜ್ಜಿ ಮಾತ್ರ ಕುಡಿತದ ಮಾತು ನಂಬಲಿಲ್ಲ. ಅವಳ ಪ್ರಕಾರ ಅದು ಕೆಟ್ಟ ರಕ್ತ, ಇಂಬಳಕ್ಕೆ, ಅಂದರೆ ಜಿಗಣೆಗೆ, ಕುಡಿಸಿಬಿಡಬೇಕು. ಮಳೆಗಾಲ, ತೋಟದ ತುಂಬ ಇಂಬಳ. ಚಿಪ್ಪಿನಲ್ಲಿ ಐದು ಹಿಡಿದು ತಂದು, ನನ್ನನ್ನು ಜಗಲಿಯಲ್ಲಿ ಮಲಗಿಸಿ, ಕೆನ್ನೆಗೆ ಎರಡೆರಡು, ಮೂಗಿಗೊಂದು ಬಿಟ್ಟಳು. ತಣ್ಣಗೆ, ಲೋಳೆಯಾಗಿ, ಜಾಗ ಹುಡುಕುತ್ತ ಅವು ನನ್ನ ಮುಖದ ಮೇಲೆ ನಡೆದದ್ದನ್ನು ಈಗ ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಕಣ್ಣಂಚಿನಲ್ಲಿ ಅವು ಊದುವುದು ಕಾಣುತ್ತಿತ್ತು. ಮೂಗಿನ ಮೇಲಿನದು ಕಚ್ಚಲಿಲ್ಲ. ಹೊಳ್ಳೆಯೊಳಗೆ ತಲೆ ಹಾಕಿತು. ಚೀರಿ ಎದ್ದು ಕೂತೆ. ಬೋರಜ್ಜಿ ಉಪ್ಪು ತಂದು ಮುಖಕ್ಕೇ ಎರಚಿದಳು. ಇಂಬಳ ಬಿದ್ದವು. ಹಸಿ ಗಾಯದ ಮೇಲೆ ಉಪ್ಪು ಉಳಿಯಿತು.

ಮಾರನೆಯ ದಿನ ಗೋಡೆಯ ಕನ್ನಡಿ ಕಾಣಲಿಲ್ಲ. ಮೊಳೆ ಸಡಿಲವಾಗಿತ್ತು, ಎತ್ತಿಟ್ಟೆ ಎಂದರು ನಮ್ಮ ಯಜಮಾನರು. ಅಕ್ಕಿ ತೆಗೆಯಲು ಹೋದಾಗ ಪೆಟ್ಟಿಗೆಯ ತಳದಲ್ಲಿ ಗೋಣಿ ಸುತ್ತಿ ಇಟ್ಟದ್ದು ಸಿಕ್ಕಿತು. ಹಾಗೆಯೇ ಸುತ್ತಿಟ್ಟು ಅಕ್ಕಿ ಅಳೆದುಕೊಂಡೆ.

ಹೆರಿಗೆಗೆ ಕರೆಯುವವರು ಕಡಿಮೆಯಾದರು. ಕುಡಿತದ ಮಾತು ಹಳೆಯದಾಗಿ ಹೊಸದೊಂದು ಹುಟ್ಟಿತ್ತು. ದೊಡ್ಡ ರೋಗ. ಕುಷ್ಠ ಎನ್ನುವ ಪದವನ್ನು ನಮ್ಮಲ್ಲಿ ಬಾಯಿಬಿಟ್ಟು ಆಡುವುದಿಲ್ಲ, ಹಾಗಾಗಿ ದೊಡ್ಡ ರೋಗ.

ಅದೇ ಹೊತ್ತಿಗೆ ನನ್ನ ಒಬ್ಬಳೇ ಮಗಳು ಜಯ ಬಸುರಿಯಾದಳು.

ಅವಳನ್ನು ಫ್ರೇಜರ್‌ಪೇಟೆಯ ಹತ್ತಿರ ಕೊಟ್ಟಿದ್ದೇವೆ. ಹಾಸನದ ಕಡೆಯಿಂದ ಬಂದು ನೆಲೆನಿಂತ ಬೇಸಾಯದ ಮನೆ, ಒಳ್ಳೆಯ ಜನ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅದರಲ್ಲೂ ಊರಿನವರ ಮಕ್ಕಳನ್ನೆಲ್ಲ ಎತ್ತಿದ ನಾನು ನನ್ನ ಮೊಮ್ಮಗುವನ್ನು ಎತ್ತುವ ದಿನಕ್ಕೆ ಕಾದಿದ್ದೆ. ಏಳನೆಯ ತಿಂಗಳಲ್ಲಿ ಬೀಗಿತ್ತಿ ನಿಂಗಮ್ಮ ಬಂದರು. ಕಾಫಿ ಕೊಟ್ಟೆ. ಲೋಟವನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, ಅಲ್ಲಿಡಿ ಎಂದರು. ಆರಿಹೋದರೂ ಮುಟ್ಟಲಿಲ್ಲ.

"ಚೆನ್ನಕ್ಕ, ಬೇಜಾರ್ ಮಾಡ್ಕಬೇಡಿ. ನಿಮ್ ಮುಖ ವಾಸಿಯಾಗದೆ ಮಗೀನ ನಿಮ್ ಕೈಗೆ ಕೊಡಕ್ಕಾಗಕಿಲ್ಲ. ಹುಡುಗಿ ನಮ್ಮಲ್ಲೇ ಇರ್ಲಿ."

ಬೇಜಾರು ಮಾಡಿಕೊಳ್ಳಲಿಲ್ಲ. ನಾನೇ ಅವರ ಜಾಗದಲ್ಲಿದ್ದರೂ ಇದನ್ನೇ ಹೇಳುತ್ತಿದ್ದೆ. ಅದೇ ಹೆಚ್ಚು ಚುಚ್ಚಿದ್ದು.

ಮರುದಿನವೇ ನಾನೂ ನಮ್ಮ ಯಜಮಾನರೂ ಬಸ್ಸು ಹತ್ತಿ ಮಡಿಕೇರಿಯ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಸೆರಗು ಮುಖಕ್ಕೆ. ಪಕ್ಕದಲ್ಲಿ ಕೂತ ಹೆಂಗಸು ಸರಿದು ಸರಿದು ಸೀಟಿನ ತುದಿಗೆ ಹೋದಳು. ಡಾಕ್ಟರು ವಯಸ್ಸಾದವರು, ಕಡಿಮೆ ಮಾತು. ಮೊದಲು ಕೇಳಿದ್ದು ಕುಡಿಯುತ್ತೀರಾ ಎಂದು. ಸಿಟ್ಟು ನೆತ್ತಿಗೇರಿತು, ಮುಖಕ್ಕೆ ಹಚ್ಚಿದ್ದನ್ನು ಹೇಳಿದೆ. ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆಮೇಲೆ ಕಣ್ಣು ಮುಚ್ಚಿಸಿ ಕೆನ್ನೆಗೆ ಹತ್ತಿ ತಾಗಿಸಿದರು, ಪಿನ್ನು ತಾಗಿಸಿದರು. ಗೊತ್ತಾಗುತ್ತದೆಯೇ, ಎಲ್ಲಿ ಎಂದು ಕೇಳುತ್ತ ಹೋದರು. ಸ್ಪರ್ಶ ಸತ್ತಿದೆಯೇ ಎಂದು ನೋಡುತ್ತಿದ್ದಾರೆಂದು ತಿಳಿಯಿತು. ಸ್ಪರ್ಶವೇ! ಹತ್ತಿ ಕೂಡ ಕೆಂಡದ ಹಾಗಿತ್ತು. ಪ್ರತಿ ಸಲವೂ ಬೆರಳಿಟ್ಟು ತೋರಿಸಿದೆ, ಪಾಠ ಒಪ್ಪಿಸುವ ಹುಡುಗಿಯಂತೆ.

"ನೀವು ಹೆದರಿರೋದು ಅಲ್ಲ ಅಮ್ಮ ಇದು. ರೋಸೇಷಿಯಾ ಅಂತ ಚರ್ಮದ ಕಾಯಿಲೆ. ಯಾರಿಗೂ ಅಂಟಲ್ಲ."

ಅಲ್ಲಿಯೇ ಅತ್ತುಬಿಟ್ಟೆ. ಕಣ್ಣೀರು ಕೆನ್ನೆಯ ಮೇಲೆ ಹರಿದು ಅದೂ ಉರಿಯಿತು.

ವಾಸಿಯಾಗುತ್ತದೆಯೇ ಎಂದರೆ, ಹತೋಟಿಯಲ್ಲಿಡಬಹುದು ಎಂದರು. ಸಂಜೆ ಹಚ್ಚಲು ಗಂಧಕದ ಆಯಿಂಟ್‌ಮೆಂಟ್, ನುಂಗಲು ವಿಟಮಿನ್ ಮಾತ್ರೆ. ಬಿಡಬೇಕಾದದ್ದೇ ಹೆಚ್ಚು. ಬ್ರಾಂದಿ ಹಚ್ಚುವುದು, ಬಿಸಿಲು, ಕಾಳುಮೆಣಸು, ಸುಡುವ ಕಾಫಿ, ಒಲೆಯ ಮುಂದೆ ಕೂರುವುದು. ಕೊನೆಗೆ ನನ್ನ ಕೆಲಸ ಕೇಳಿ, ಪೆನ್ನು ಕೆಳಗಿಟ್ಟು ಹೇಳಿದರು:

"ಹಂಡೆ ಹತ್ತಿರ ಹೋಗ್ಬೇಡಿ. ಆ ಹಬೆ ನಿಮ್ಮ ಮುಖಕ್ಕೆ ವಿಷ."

ಅಂಟುವುದಿಲ್ಲವೆಂದು ಇಂಗ್ಲಿಷಿನಲ್ಲಿ ಬರೆದ ಚೀಟಿ, ಮೇಲೆ ಕೂರ್ಗ್ ಸ್ಟೇಟ್ ಎಂದು ಅಚ್ಚು. ಅದನ್ನು ರವಿಕೆಯಲ್ಲಿಟ್ಟುಕೊಂಡು ಬಂದೆ.

ಗಂಧಕದ ವಾಸನೆ ಗೊತ್ತೇ? ಕೊಳೆತ ಮೊಟ್ಟೆ. ಅದನ್ನು ಮೂಗಿಗೇ ಬಳಿದುಕೊಂಡು ಊಟಕ್ಕೆ ಕೂರಬೇಕು. ಮೆಣಸಿಲ್ಲದ ಕೋಳಿ ಸಾರು ಪಾತ್ರೆ ತೊಳೆದ ನೀರು. ಆರಿದ ಬೆಲ್ಲದ ಕಾಫಿಯನ್ನು ಯಾರಾದರೂ ಕುಡಿದು ನೋಡಲಿ, ಹಂಡೆಯ ತಳದಲ್ಲಿ ನಿಂತದ್ದನ್ನು ಬಗ್ಗಿಸಿದ ಹಾಗೆ. ಎರಡು ತಿಂಗಳು ಇದನ್ನೆಲ್ಲ ನುಂಗಿದೆ, ಬಳಿದೆ. ಗುಳ್ಳೆ ಬತ್ತಿದವು. ಕೆಂಪು ಇಳಿಯಿತು, ಹೋಗಲಿಲ್ಲ.

ಚೀಟಿ ನೋಡಿದ ನಿಂಗಮ್ಮ, ಇಂಗ್ಲಿಷಿನಲ್ಲಿ ಏನು ಬರೆದಿದೆಯೋ ಯಾರಿಗೆ ಗೊತ್ತು ಎಂದರು. ಅಳಿಯ ಓದಿ ಹೇಳಿದ ಮೇಲೆ ಜಯಳನ್ನು ಕಳಿಸಿದರು. ಜೊತೆಗೆ ತಾವೂ ಬಂದರು, ಮಂಚದ ಹತ್ತಿರವೇ ಹಾಸಿಗೆ ಹಾಕಿಕೊಂಡು. ಕಾವಲು ಎಂದು ಯಾರೂ ಬಾಯಿಬಿಡಲಿಲ್ಲ.

ಹೆರಿಗೆ ಬೆಳಿಗ್ಗೆ ಕಾಫಿ ಹೊತ್ತಿಗೆ ಆಯಿತು. ಹೆಣ್ಣು. ನನ್ನ ಕೈಗೇ ಬಂತು. ಅಷ್ಟರ ಮಟ್ಟಿಗೆ ಕೆಲಸ ನನ್ನದು, ನಿಂಗಮ್ಮನೂ ತಡೆಯಲಿಲ್ಲ.

ನೀರು ಹಾಕುವ ದಿನ ಬಂತು. ಡಾಕ್ಟರ ಮಾತು ಮರೆತಿರಲಿಲ್ಲ. ಆದರೆ ಊರಿನವರ ಮಕ್ಕಳಿಗೆಲ್ಲ ಹಾಕಿ, ನನ್ನ ಮಗಳಿಗೆ ಇನ್ನೊಬ್ಬರನ್ನು ಕರೆಸಲೇ? ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ. ಬಾಗಿಲು ಮುಚ್ಚಿ ಜಯಳಿಗೆ ಕೈ ಸೋಲುವಷ್ಟು ನೀರು ಹಾಕಿದೆ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದೆ. ಹಬೆಯಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಅಲ್ಲಿ ಎಷ್ಟು ಸುಖವಾಗಿತ್ತು.

ಸಂಜೆಗೆ ಮುಖ ಒಡೆಯಿತು.

ಎರಡು ತಿಂಗಳು ಬತ್ತಿಸಿದ್ದೆಲ್ಲ ಒಮ್ಮೆಗೆ ಎದ್ದಿತು. ರೆಪ್ಪೆ ಊದಿ ಕಣ್ಣು ಬರೀ ಸೀಳಿನಂತಾಯಿತು, ಮೂಗಿನ ಪಕ್ಕದಲ್ಲಿ ಕೀವು ತಾನಾಗಿ ಒಸರುತ್ತಿತ್ತು. ಮಗುವನ್ನು ಎತ್ತಿಕೊಳ್ಳಲು ಬಗ್ಗಿದೆ. ಜಯ ತಲೆಯೆತ್ತಿ ನೋಡಿದಳು. ಕೈ ತನ್ನಷ್ಟಕ್ಕೆ ಮಗುವನ್ನು ಎದೆಗೆ ಎಳೆದುಕೊಂಡಿತು.

ನನ್ನ ಮಗಳ ಕೈ.

ತಕ್ಷಣ ಅವಳಿಗೇ ಗೊತ್ತಾಯಿತು. "ಅವ್ವ, ನಾನು ಬೇಕು ಅಂತ..." ಎಂದು ಅಳತೊಡಗಿದಳು. ಬಾಣಂತಿ ಅಳಬಾರದೆಂದು ಗದರಿ ಹೊರಗೆ ಬಂದೆ. ಹೇಸಿಗೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಪ್ರೀತಿಯನ್ನು ಕೇಳಿಕೊಂಡು ಬರುವುದಿಲ್ಲ. ಬೇರೆಯವರ ಮೇಲೆ ಎರಡು ವರ್ಷ ಕಟ್ಟಿಕೊಂಡಿದ್ದ ಸಿಟ್ಟು ಆವತ್ತು ಕೊಟ್ಟಿಗೆಯ ಹತ್ತಿರ ನಿಂತಾಗ ಕರಗಿತು ಎಂದರೆ ಸುಳ್ಳಾಗುತ್ತದೆ. ಆದರೆ ಯಾರ ಮೇಲೆ ಇಟ್ಟುಕೊಳ್ಳಬೇಕೆಂದು ತಿಳಿಯದಾಯಿತು.

ಬೆಳಿಗ್ಗೆ ನಿಂಗಮ್ಮನಿಗೆ ಹೇಳಿದೆ, ಇವತ್ತಿನಿಂದ ನೀರು ನೀವು ಹಾಕಬೇಕು. ಅವರಿಗೆ ಗಾಬರಿ. ಅವರ ಮನೆಯಲ್ಲಿ ಅದಕ್ಕೊಬ್ಬಳು ಬರುತ್ತಿದ್ದಳು, ಇವರು ಚೆಂಬು ಹಿಡಿದವರಲ್ಲ. ಬಾಗಿಲಾಚೆ ನಿಂತು ನಾನು ಹೇಳುತ್ತೇನೆ ಎಂದೆ. ಮೊದಲ ದಿನ ಬೆನ್ನಿಗೆ ಸುರಿದ ನೀರು, ದೇವರ ತಲೆಗೆ ಅಭಿಷೇಕ ಮಾಡಿದ ಹಾಗೆ. ಬೀಸಿ ಹಾಕಿ, ಬೀಸಿ, ಎಂದು ನಾನು ಕೂಗಬೇಕು. "ನಾನೇನ್ ಹುಲ್ಲು ಬಡೀತಾ ಇದ್ದೀನಾ ಚೆನ್ನಕ್ಕ?" ಎಂದು ಅವರು ಒಳಗಿಂದ ಕೂಗಬೇಕು. ಜಯ ನಡುವೆ ಕೂತು ನಗುವುದು ಹೊರಗೆ ಕೇಳುತ್ತಿತ್ತು. ಮಗುವಿನ ಕತ್ತಿನ ಕೆಳಗೆ ಕೈ ಕೊಡಿ, ಕಿವಿ ಮುಚ್ಚಿ, ಎಣ್ಣೆ ನೆತ್ತಿಗೆ ಮೊದಲು. ಕಾಣದ ಮಗುವನ್ನು ಹೀಗೆ ದಿನವೂ ಬಾಯಲ್ಲೇ ಮೀಯಿಸಿದೆ.

ವಾರವಾಗಿತ್ತು. ನಿಂಗಮ್ಮ ಬಚ್ಚಲಿಂದ ಓಡಿಬಂದರು. ಅಕ್ಕಿ ಪೆಟ್ಟಿಗೆ ತೆಗೆದು, ಗೋಣಿ ಬಿಚ್ಚಿ, ಕನ್ನಡಿ ಎತ್ತಿಕೊಂಡು ಬೆಳಕಿಗೆ ಹೋದರು. ಅದು ಅಲ್ಲಿರುವುದು ಅವರಿಗೂ ಗೊತ್ತಿತ್ತೆಂದು ಆಗ ತಿಳಿಯಿತು. ಅವರ ಕೆನ್ನೆ ಎರಡೂ ಕೆಂಪು.

"ನಂಗೂ ಬಂದ್‌ಬುಡ್ತಾ ನೋಡಿ" ಎಂದರು.

ಬಂದೇಬಿಟ್ಟಿತು ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ತಣ್ಣೀರಿಗೆ ಬಟ್ಟೆ ಅದ್ದಿ ಕೊಟ್ಟು, ಇದು ಬರೀ ಹಬೆ, ಒಂದು ಗಳಿಗೆ ಕೂತ್ಕೊಳ್ಳಿ ಎಂದೆ. ಜಗಲಿಯಲ್ಲಿ ಇಬ್ಬರೂ ಮುಖಕ್ಕೆ ಒದ್ದೆ ಬಟ್ಟೆ ಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಅವರ ಕೆಂಪು ಇಳಿಯಿತು. ಕನ್ನಡಿಯಲ್ಲಿ ತಮ್ಮದನ್ನು ನೋಡಿದರು, ಪಕ್ಕದ ನನ್ನದನ್ನು ನೋಡಿದರು. ಆಮೇಲೆ ಎದ್ದುಹೋಗಿ ಕಾಫಿ ತಂದರು. ನನ್ನದನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದು ಆರಿಸುತ್ತ ನಿಂತರು. ಕೈಗೇ ಕೊಟ್ಟರು.

ಮಗುವಿಗೆ ಈಗ ತಿಂಗಳು ತುಂಬಿದೆ. ನನ್ನ ಗುಳ್ಳೆ ಮತ್ತೆ ಬತ್ತಿವೆ. ಮೂಗು ದಪ್ಪವಾಗಿಯೇ ಇದೆ, ಇರುತ್ತದಂತೆ. ಮತ್ತೆ ಕೆಲವು ಮನೆಯವರು ಹೆರಿಗೆಗೆ ಕರೆಯುತ್ತಿದ್ದಾರೆ. ಮಗುವನ್ನು ಎತ್ತಿಕೊಡುತ್ತೇನೆ, ನೀರು ಹಾಕಲು ಬೇರೆಯವರನ್ನು ನೋಡಿಕೊಳ್ಳಿ ಎಂದು ಮೊದಲೇ ಹೇಳುತ್ತೇನೆ. ಕನ್ನಡಿ ಗೋಡೆಗೆ ಬಂದಿದೆ. ಹಾದುಹೋಗುವಾಗ ಈಗಲೂ ಮುಖ ತಿರುಗಿಸುತ್ತೇನೆ, ಅದು ಇನ್ನೂ ಹೋಗಿಲ್ಲ.

ನಿನ್ನೆ ಬೆಳಿಗ್ಗೆ ಮುಖ ತೊಳೆದು, ಗಂಧಕದ ವಾಸನೆಯೆಲ್ಲ ಹೋಯಿತೇ ಎಂದು ಎರಡು ಸಲ ನೋಡಿಕೊಂಡು ಕೂತಿದ್ದೆ. ಜಯ ಬಂದು, ಕೇಳುವ ಮೊದಲೇ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಹಸಿದ ಮಗು. ಎತ್ತಿ ಹತ್ತಿರ ಹಿಡಿದೆ. ಅದು ಬಾಯಿ ಅಗಲಿಸಿ ಆ ಕಡೆ ಈ ಕಡೆ ತಲೆ ಆಡಿಸಿ, ಸಿಕ್ಕಿದ್ದನ್ನು ಗಬಕ್ಕನೆ ಹಿಡಿಯಿತು.

ನನ್ನ ಮೂಗು.

ಮನಸ್ಸಿಟ್ಟು ಚೀಪತೊಡಗಿತು. ನಿಂಗಮ್ಮ "ಥೂ, ಥೂ" ಎನ್ನುತ್ತ ಬಂದವರು ನಗು ತಡೆಯಲಾಗದೆ ಅಲ್ಲೇ ಕೂತುಬಿಟ್ಟರು. ಜಯಳೂ ನಕ್ಕಳು. ಹಾಲು ಬಾರದ್ದಕ್ಕೆ ಮಗುವಿಗೆ ಸಿಟ್ಟು ಬಂದು, ಬಿಟ್ಟು ಕಿರುಚಿತು. ಅದರ ಅಮ್ಮನ ಕೈಗೆ ಕೊಟ್ಟೆ.

ಮೂಗಿನ ಮೇಲೆ ಜೊಲ್ಲು ತಣ್ಣಗಿತ್ತು. ಒರೆಸಿಕೊಳ್ಳಲಿಲ್ಲ.