ಗ್ಯಾಸು ಅಂದವಳು

ಗಡಗಡ, ಗಡಗಡ. ಬೇಯಿಸಿ ಒಣಗಿಸಿದ ಅರಿಸಿನದ ಕೊಂಬುಗಳು ಕಬ್ಬಿಣದ ಪೀಪಾಯಿಯೊಳಗೆ ಉರುಳಿ, ಒಂದನ್ನೊಂದು ಉಜ್ಜಿ, ಸಿಪ್ಪೆ ಕಳೆದುಕೊಳ್ಳುವ ಸದ್ದು. ಅರಿಸಿನದ ಕಾಲ ಬಂತೆಂದರೆ ತೆರಕಣಾಂಬಿಯ ಆ ಕೇರಿಗೆ ಬೆಳಕಿನ ಜೊತೆಗೇ ಈ ಸದ್ದೂ ಬರುತ್ತದೆ. ಪುಟ್ಟಮಾದಮ್ಮ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಈಗ ಪೀಪಾಯಿಗೆ ಮೋಟಾರು ಹಾಕಿದ್ದಾರೆ. ಸದ್ದು ಎಲ್ಲಿಯೂ ಮುಗ್ಗರಿಸುವುದಿಲ್ಲ. ಗಂಡ ರಾಚಯ್ಯ ಹಿಡಿ ಹಿಡಿದು ತಿರುಗಿಸುತ್ತಿದ್ದಾಗ ಹಾಗಿರಲಿಲ್ಲ. ಹಿಡಿ ಮೇಲಕ್ಕೆ ಹೋಗುವಾಗ ನಿಧಾನ, ಕೆಳಗಿಳಿಯುವಾಗ ಜೋರು. ಅವನು ಎಷ್ಟು ದಣಿದಿದ್ದಾನೆಂದು ಮನೆಯೊಳಗಿದ್ದೇ ಅವಳಿಗೆ ತಿಳಿಯುತ್ತಿತ್ತು.

ಅವನು ಸತ್ತು ಮೂರು ವರ್ಷ.

ಎದ್ದು ಟ್ರಂಕಿನಿಂದ ನೀಲಿ ಸೀರೆ ತೆಗೆದು ಉಟ್ಟಳು. ಚಾಮರಾಜನಗರಕ್ಕೆ ಹೋಗುವ ದಿನಕ್ಕೆಂದೇ ಇಟ್ಟ ಸೀರೆ. ಪಕ್ಕದ ಮನೆಯ ನಾಗಮಣಿ ಜಗಲಿಯಿಂದ ಕೂಗಿದಳು.

"ಯಾನಕ್ಕ, ನರ್ಸಮ್ಮಾರಿಗೆ ಪಾಠ ಹೇಳಕೆ ಒಂಟ್ಯಾ?"

"ಬುಡಮ್ಮಿ, ಎಬ್ಬೆಟ್ಟು ಒತ್ತೋಳು ಯಾನ ಪಾಠ ಹೇಳಾಳು?"

"ಇಸ್ಕೂಲ್ ಮೆಟ್ಲೇ ಅತ್ತದೋಳು ಮೇಷ್ಟ್ರಾಗ್ಬುಟ್ಟೆ ಕಣಕ್ಕ. ಬರುವಾಗ ಒಂದು ಬೆತ್ತನೂ ತಕ್ಕಬಾ, ನಮ್ಮನೇವ್ನಿಗೆ ಆಯ್ತದೆ."

ಪುಟ್ಟಮಾದಮ್ಮ ನಗಲು ನೋಡಿದಳು. ಬಸ್ಸು ಬರುವ ಹೊತ್ತಾಗಿತ್ತು.

ಅವಳನ್ನು ಚಾಮರಾಜನಗರಕ್ಕೆ ಕರೆಸುತ್ತಿದ್ದವರು ಸುಧಾಮಣಿ ಮೇಡಂ, ನರ್ಸುಗಳಿಗೆ ತರಬೇತಿ ಕೊಡುವವರು. ಕಾಯಿಲೆ ಬಿದ್ದವರೂ ಅವರ ಮನೆಯವರೂ ಬಂದು ತಮಗಾದದ್ದನ್ನು ತಮ್ಮ ಬಾಯಿಂದಲೇ ಹೇಳಬೇಕು, ಪುಸ್ತಕ ಕಲಿಸದ್ದನ್ನು ಅದು ಕಲಿಸುತ್ತದೆ ಎಂಬುದು ಅವರ ನಂಬಿಕೆ. ತರಗತಿಯ ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಮೊದಲ ದಿನವೇ ಅವಳಿಗೆ ಓದಿ ಹೇಳಿದ್ದರು: ರೋಗಿಯೂ ನಮ್ಮ ತಂಡದವರೇ.

ಆರು ಸಲ ಅವಳು ಅಲ್ಲಿ ನಿಂತು ಹೇಳಿದ್ದಳು. ಪೇಟೆಯ ಒಂದು ನರ್ಸಿಂಗ್ ಹೋಮು. ಎದೆ ಹಿಡಿದುಕೊಂಡು ಬಂದ ರಾಚಯ್ಯ. ಗ್ಯಾಸೆಂದು ಬರೆದುಕೊಂಡ ನರ್ಸು. ಒಂದು ಇಂಜೆಕ್ಷನ್ನು. ಆಮೇಲೆ ಬೆಂಚು. ಡಾಕ್ಟರು ಬರುವ ಹೊತ್ತಿಗೆ ಗೋಡೆಗೆ ಒರಗಿದವನು ಒರಗಿಯೇ ಇದ್ದ. ಗ್ಯಾಸಲ್ಲ, ಹಾರ್ಟು ಎಂದರು. 'ನಮ್ಮೆಜಮಾನ್ರ ಯಾರೂ ಒಂದ್ ಮಾತು ಕೇಳ್ಲಿಲ್ಲ' ಎಂಬಲ್ಲಿಗೆ ಅವಳು ನಿಲ್ಲಿಸುತ್ತಿದ್ದಳು. ಅಷ್ಟರಲ್ಲಿ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಮಾತನ್ನು ಮೊದಲು ಆಡಿದವಳು ಅವಳಲ್ಲ. ಹೆಣವನ್ನು ಮೆಟ್ಟಿಲು ಇಳಿಸುವಾಗ ನೆಂಟರಲ್ಲಿ ಯಾರೋ ಕೂಗಿದ್ದು. ನರ್ಸಿಂಗ್ ಹೋಮಿನ ಮಾಲೀಕರು "ಹೌದೇನಮ್ಮ?" ಎಂದು ಕೇಳಿದಾಗ ಅವಳು ತಲೆಯಾಡಿಸಿದಳು. ಮರುದಿನ ಆ ನರ್ಸನ್ನು ಕೆಲಸದಿಂದ ತೆಗೆದರಂತೆ. ಆಮೇಲೆ ಕೇಳಿದವರಿಗೆಲ್ಲ ಹೇಳುತ್ತ ಹೇಳುತ್ತ ಆ ಮಾತು ಅವಳದೇ ಆಯಿತು.

ಆದರೆ ನರ್ಸು ಕೇಳಿದ್ದಳು. ರಾಚಯ್ಯ ಬಾಯನ್ನೂ ತೆರೆದಿದ್ದ.

ಈ ಸಲ ಬೆಂಚುಗಳಲ್ಲಿ ಕೂತವರು ಕಲಿಯುವ ಹುಡುಗಿಯರಲ್ಲ, ಬೇರೆ ಬೇರೆ ಆಸ್ಪತ್ರೆಗಳಿಂದ ಬಂದ ನರ್ಸುಗಳು. ಪುಟ್ಟಮಾದಮ್ಮ ಕಥೆಯ ಅರ್ಧಕ್ಕೆ ಬಂದಿದ್ದಳು. ಕಿಟಕಿ ಪಕ್ಕದ ಕೊನೆಯ ಬೆಂಚಿನಲ್ಲಿ ಒಬ್ಬಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಎಡಗೈಯಲ್ಲಿ. ಆ ದಿನ ಗ್ಯಾಸೆಂದು ಬರೆದುಕೊಂಡದ್ದೂ ಎಡಗೈಯೇ. ಪುಟ್ಟಮಾದಮ್ಮ ಹೇಳುತ್ತಿದ್ದುದನ್ನು ಬಿಟ್ಟು ಆ ಕೈಯನ್ನೇ ನೋಡಿದಳು. ಹುಡುಗಿ ತಲೆಯೆತ್ತಿದಳು. ಮುಖ ಸೊರಗಿತ್ತು, ಆದರೆ ಅದೇ ಮುಖ.

"ಹೇಳಿ ಅಮ್ಮ," ಎಂದರು ಸುಧಾಮಣಿ, "ಬೆಂಚಿನ ಮೇಲೆ ಕೂರಿಸಿದ್ರು. ಯಾರೂ..."

"ಕೇಳುದ್ರು," ಎಂದಳು ಪುಟ್ಟಮಾದಮ್ಮ.

"ಏನಂದ್ರಿ?"

"ಆ ನರ್ಸಮ್ಮ ಕೇಳುದ್ರು. ಏನಾಯ್ತದೆ ಯಜಮಾನ್ರೇ ಅಂತ ಅವ್ರ ಮೊಕ ನೋಡ್ಕಂಡೇ ಕೇಳುದ್ರು. ಅವ್ರು 'ಕೈ' ಅಂದ್ರು. ಅಷ್ಟ್ರಲ್ಲಿ ನಾ ಬಾಯಾಕ್ದೆ. ಪೀಪಾಯಿ ತಿರುಗ್ಸಿ ಕೈ ನೋಯ್ತದೆ ಬುಡವ್ವ, ರಾತ್ರಿ ಅವರೆಕಾಳ್ ಸಾರು ಉಂಡವ್ರೆ, ಗ್ಯಾಸು ಅಂದ್ಬುಟ್ಟೆ."

ಬ್ಯಾಂಕಿಗೆ ಹೋಗಲಿ, ಪಂಚಾಯಿತಿಗೆ ಹೋಗಲಿ, ರಾಚಯ್ಯನ ಮಾತನ್ನು ಅವಳೇ ಆಡುತ್ತಿದ್ದಳು. ಮದುವೆಯಾದಂದಿನಿಂದ ಅದೇ ರೂಢಿ. ಅವನು ಒಂದು ಪದ ಶುರು ಮಾಡಿದರೆ ಉಳಿದದ್ದನ್ನು ಅವಳು ಮುಗಿಸುತ್ತಿದ್ದಳು. ಅವನಿಗೂ ಅದು ಹಾಯೆನಿಸುತ್ತಿತ್ತು. ಆ ದಿನ ಅವಳು ಮುಗಿಸಿದ ಮೇಲೆ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಸುಧಾಮಣಿ ಹತ್ತಿರ ಬಂದು ಅವಳ ಭುಜ ಹಿಡಿದರು. ಅವರ ಕೈ ಬೆಚ್ಚಗಿತ್ತು. "ನಿಮ್ಮದೇನೂ ತಪ್ಪಿಲ್ಲ ಅಮ್ಮ. ದುಃಖದಲ್ಲಿ ಹಾಗೆಲ್ಲ ಅನ್ನಿಸುತ್ತೆ." ಬೆಂಚುಗಳ ಕಡೆ ತಿರುಗಿದರು. "ನೋಡಿ, ಇದನ್ನ ಬರ್ಕೊಳ್ಳಿ. ಮನೆಯವರು ಎಲ್ಲಾನೂ ತಮ್ಮ ಮೇಲೆ ಹಾಕ್ಕೊಳ್ಳೋದು ಸಹಜ."

ಪೆನ್ನುಗಳು ಸರಸರನೆ ಓಡಿದವು. ಕೊನೆಯ ಬೆಂಚಿನ ಎಡಗೈ ಮಾತ್ರ ಅಲುಗಲಿಲ್ಲ.

ಟೀ ಹೊತ್ತಿಗೆ ಆ ಹುಡುಗಿ ವರಾಂಡದ ಕಂಬದ ಬಳಿ ನಿಂತಿದ್ದಳು. ಎದೆಯ ಮೇಲಿನ ಚೀಟಿಯಲ್ಲಿ ಹೆಸರಿತ್ತು, ಪುಟ್ಟಮಾದಮ್ಮನಿಗೆ ಓದಲು ಬರುತ್ತಿರಲಿಲ್ಲ.

"ನಿಮ್ಮೆಸ್ರು ಯಾನವ್ವ?"

"ಶ್ರುತಿ."

ಮೂರು ವರ್ಷದಲ್ಲಿ ಅದನ್ನು ಒಮ್ಮೆಯೂ ಕೇಳಿರಲಿಲ್ಲ ಎಂದು ಅವಳಿಗೆ ಹೊಳೆಯಿತು.

"ಎರಡು ವರ್ಷ ಯಾರೂ ಕೆಲ್ಸ ಕೊಡ್ಲಿಲ್ಲಮ್ಮ," ಎಂದಳು ಶ್ರುತಿ, ಲೋಟದೊಳಗೆ ನೋಡುತ್ತ. "ಎಲ್ಲಿ ಹೋದ್ರೂ ಅದೇ ಮಾತು, ಪೇಷಂಟನ್ನ ಕೇಳ್ದೇನೆ ಬರ್ಕೊಂಡೋಳು ಅಂತ. ಕೊನೆಗೆ ನಂಗೇ ಅನುಮಾನ ಬಂತು. ನಾನು ಕೇಳಿದ್ನಾ, ಇಲ್ವಾ ಅಂತ."

"ಈಗ್ಲೇ ಮೇಡಮ್ಮಾರಿಗೆ ಹೇಳ್ತೀನಿ. ಇವ್ರೇ ಆ ನರ್ಸಮ್ಮ, ಇವ್ರು ಕೇಳುದ್ರು ಅಂತೀನಿ. ಬರ್ಕೊಡಿ ಅಂದ್ರೆ ಎಬ್ಬೆಟ್ಟು ಒತ್ತೀನಿ."

"ಬೇಡಮ್ಮ!" ಶ್ರುತಿ ಸುತ್ತ ನೋಡಿದಳು. "ಆ ನರ್ಸು ನಾನೇ ಅಂತ ಇಲ್ಲಿ ಯಾರ್ಗೂ ಗೊತ್ತಿಲ್ಲ. ಗೊತ್ತಾದ್ರೆ ಈಗಿರೋ ಕೆಲ್ಸಾನೂ ಹೋಗುತ್ತೆ. ನೀವ್ ಒಳಗೆ ಹೇಳಿದ್ರಲ್ಲ, ಯಾರು ಕಿವಿಗೆ ಹಾಕ್ಕೊಂಡ್ರು?"

ಪುಟ್ಟಮಾದಮ್ಮ ತಪ್ಪನ್ನು ಹೇಗೋ ಬಾಯಿಬಿಟ್ಟು ಹೇಳಿದರೆ ಭಾರ ಇಳಿಯುತ್ತದೆಂದುಕೊಂಡಿದ್ದಳು. ಇಳಿಸಲು ಜಾಗವೇ ಇರಲಿಲ್ಲ.

"'ಕೈ' ಅಂದಿದ್ದು ನಂಗೂ ಕೇಳಿಸ್ತು," ಎಂದಳು ಶ್ರುತಿ ಸಣ್ಣ ದನಿಯಲ್ಲಿ. "ಯಾವ ಕೈ ಅಂತ ಅವ್ರನ್ನೇ ಇನ್ನೊಂದ್ಸಲ ಕೇಳ್ಬೇಕಿತ್ತು. ಎಡಗೈ ಅಂದಿದ್ರೆ ಹಾರ್ಟು ಅಂತ ಗೊತ್ತಾಗ್ತಿತ್ತು. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಿ. ಹೊರಗೆ ಹದಿನೈದು ಜನ ನಿಂತಿದ್ರು. ಬರ್ಕೊಂಡ್ಬಿಟ್ಟೆ."

ಇಬ್ಬರ ಲೋಟಗಳಲ್ಲೂ ಟೀ ಮೇಲೆ ಕೆನೆ ಕಟ್ಟಿತು.

ಬಾಗಿಲಿನಿಂದ ಸುಧಾಮಣಿ ಕರೆದರು. ಶ್ರುತಿ ಕಂಬದ ಆಚೆಗೆ ಸರಿದಳು. "ಅಮ್ಮ, ಬನ್ನಿ. ಮಧ್ಯಾಹ್ನದ ತಂಡ ಬಂದು ಕೂತಿದೆ. ನಿಮಗೆ ಸಂಕಟ ಆಗುತ್ತೆ ಅಂತ ಗೊತ್ತು, ಆದ್ರೆ ಈ ಸಲ ಮೊದಲಿನ ಹಾಗೇ ಹೇಳ್ಬಿಡಿ. ಆ ಕೊನೇ ಮಾತು, ಯಾರೂ ಕೇಳ್ಲಿಲ್ಲ ಅನ್ನೋದು, ಅದೇ ಇವರ ಮನಸ್ಸಲ್ಲಿ ನಿಲ್ಲೋದು."

ಪುಟ್ಟಮಾದಮ್ಮ ಲೋಟವನ್ನು ಕಟ್ಟೆಯ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡಳು.

"ಆ ಮಾತ ನಾನಿನ್ನು ಆಡಕಿಲ್ಲ ಕಣವ್ವ. ಅದು ಕೊನೇ ಮಾತಲ್ಲ. ಕೊನೇ ಮಾತು ನಮ್ಮೆಜಮಾನ್ರುದು. 'ಕೈ' ಅಂದ್ರು, ಆಮೇಕೆ..." ಎಂದವಳು, ಆ ದಿನ ರಾಚಯ್ಯ ಹಿಡಿದಿದ್ದಂತೆಯೇ ಬಲಗೈಯಲ್ಲಿ ತನ್ನ ಎಡತೋಳನ್ನು ಅದುಮಿ ಹಿಡಿದು, ಮೆಟ್ಟಿಲಿಳಿದು ಗೇಟಿನ ಕಡೆಗೆ ನಡೆದುಬಿಟ್ಟಳು.