ತಟ್ಟೆ ನೇಗಿಲಿನ ಕುಂಕುಮ

ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಳೆದ ನಾನು ಹರಿಹರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದದ್ದು ೧೯೬೦ರ ಆಸುಪಾಸಿನಲ್ಲಿ. ಯಾವುದನ್ನು ಕಂಡರೂ ಮುಟ್ಟಿ ನೋಡದೆ ಇರಲಾಗದ ಚಾಳಿ ನನ್ನದು.

ಆಗ ನಮ್ಮ ಎರೆ ಹೊಲದ ತುಂಬ ಗರಿಕೆ ಬೇರು ಬಿಟ್ಟಿತ್ತು. ಎತ್ತಿನ ನೇಗಿಲಿಗೆ ಬಗ್ಗದೆ ಎರಡು ವರ್ಷ ಬೀಳು ಬಿದ್ದಿತ್ತು. ಮಾವ ಕಾಡಿ ಬೇಡಿ ಒಂದೇ ದಿನದ ಮಟ್ಟಿಗೆ ಟ್ರ್ಯಾಕ್ಟರ್ ಕರೆಸಿದ್ದರು. ಮರುದಿನ ಅದು ಹೊಳೆಯಾಚೆ ಹೋಗಬೇಕು. ಅಂದು ಉಳುಮೆ ಆಗದಿದ್ದರೆ ಆ ವರ್ಷವೂ ಬಿತ್ತನೆ ಇಲ್ಲ.

ಹೊಸ ನೇಗಿಲು ಹೊಲಕ್ಕಿಳಿಯುವ ಮುಂಚೆ ನೆಲ ಸೀಳುವ ಅದರ ಕಬ್ಬಿಣದ ಮೊನೆಗೆ, ಗುಳಕ್ಕೆ, ಸೊಸೆ ಕುಂಕುಮ ಇಡುವುದು ಮನೆಯ ಪದ್ಧತಿ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ್ದ ಈ ನೇಗಿಲಿಗೋ ಗುಳವೇ ಇಲ್ಲ! ಓರೆಯಾಗಿ ನಿಂತ ಮೂರು ಕಬ್ಬಿಣದ ತಟ್ಟೆಗಳು, ರೊಟ್ಟಿ ಹಂಚಿನ ಹಾಗೆ ನಡುವೆ ತಗ್ಗು. ಅಂಚಿಗೆ ಕುಂಕುಮ ಒತ್ತಿದೆ, ತಟ್ಟೆ ಗರಕ್ಕನೆ ತಿರುಗಿತು. ನನಗೆ ಎಲ್ಲಿಲ್ಲದ ಖುಷಿ. ಇನ್ನೊಂದು ಸಲ ತಿರುಗಿಸಿದೆ.

ಮಾವನ ಮುಖ ಗಂಟಾಯಿತು. "ಸಡ್ಲ ಐತೆ ಇದು."

ನೇಗಿಲು ಅಲುಗಿದರೆ ಬೆಣೆ ಬಡಿಯುವುದು ಅವರ ಜೀವಮಾನದ ಅಭ್ಯಾಸ. ಡ್ರೈವರ್ ಚಹಾ ಕುಡಿಯಲು ಹೋದಾಗ ಮೂರೂ ತಟ್ಟೆಗಳ ಹಿಂದೆ, ಅವು ತಿರುಗದ ಹಾಗೆ, ಜಾಲಿ ಮರದ ಬೆಣೆ ಬಡಿದರು. "ಇಟ್ಟ ಕುಂಕುಮ ಅಳಿಸ್ಬಾರ್ದವ್ವ" ಎಂದರು. ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ.

ಟ್ರ್ಯಾಕ್ಟರ್ ಹೊರಟಿತು. ನೇಗಿಲು ನೆಲವನ್ನು ಕೆರೆಯಿತೇ ಹೊರತು ಸೀಳಲಿಲ್ಲ. ಡ್ರೈವರಿಗೂ ಆ ನೇಗಿಲು ಹೊಸದು, ಹಿಂದಿನ ಬೆಣೆ ಅವನ ಕಣ್ಣಿಗೆ ಬೀಳಲಿಲ್ಲ. ಭಾರಕ್ಕೆಂದು ನೇಗಿಲ ಮೇಲೆ ಕಲ್ಲು ಹೇರಿ ನೋಡಿದ. "ಈ ನೆಲಕ್ಕೆ ಆಗಂಗಿಲ್ಲ ಬಿಡ್ರಿ ಯಜಮಾನ್ರೇ" ಎಂದು ಕೈಚೆಲ್ಲಿದ. ಬದುವಿನ ಮೇಲೆ ನಿಂತಿದ್ದ ಊರವರು ನಕ್ಕರು. ಮಾವ ಕುಸಿದು ಕೂತರು.

ತಟ್ಟೆಗಳು ಒಂದು ಸುತ್ತೂ ತಿರುಗದ್ದನ್ನು ನಾನು ಗಮನಿಸಿದ್ದೆ. ಬೆಣೆಯ ಮಾತೆತ್ತಿದರೆ ಮಾವನ ಮಾನ ಹೋಗುತ್ತದೆ, ಎತ್ತದಿದ್ದರೆ ಹೊಲ ಹೋಗುತ್ತದೆ. ಸೆರಗು ಹೊದ್ದು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಮಾವ, ಟ್ರ್ಯಾಕ್ಟರ್ ಇಷ್ಟು ಸುತ್ತಿದ್ರೂ ನಾ ಇಟ್ಟ ಕುಂಕುಮ ಇಟ್ಟಲ್ಲೇ ಐತಲ್ರಿ, ಯಾಕ?"

ಮಾವ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಹೋಗಿ, ಎಲ್ಲರ ಎದುರಿಗೇ, ಒಂದೊಂದಾಗಿ ಬೆಣೆ ಕಿತ್ತರು.

"ನಾನೇ ಬಡಿದಿದ್ದೆ ಕಣಪ್ಪ. ಇದು ತಿರುಗ್ತಾನೇ ಉಳ್ಬೇಕೇನು?"

ಡ್ರೈವರ್ ನಗಲಿಲ್ಲ. "ಹೌದ್ರಿ" ಎಂದ.

ಮಾವ ಬೆರಳಿನಿಂದ ತಟ್ಟೆ ತಿರುಗಿಸಿದರು. ನನ್ನ ಹಾಗೇ, ಇನ್ನೊಂದು ಸಲವೂ ತಿರುಗಿಸಿದರು. ಆಮೇಲೆ ನನ್ನನ್ನು ಕರೆದರು.

"ಮತ್ತೆ ಕುಂಕುಮ ಇಡವ್ವ. ಈ ಸಲ ಅಳಿಸಿ ಹೋಗ್ಲಿ."